ಮುರಗೋಡದ ಬುತ್ತಿ ವಿಮಾನ ಹತ್ತಿತು

ಶ್ರಾವಣಕ್ಕೆ ರೊಟ್ಟಿ ಪಂಚಮಿ. ಅದರ ಬೆನ್ನಿಗೇ ಅಮೆರಿಕ, ಯುರೋಪಿನ ಕಾಲೇಜುಗಳು ಶುರುವಾಗುವ ಸಮಯ. ಬೆಳಗಾವಿ ಸೀಮೆಯ ಅಡುಗೆಮನೆಗೆ ಹಬ್ಬ, ಅಗಲಿಕೆ ಎರಡೂ ಒಟ್ಟಿಗೇ ಬರುತ್ತವೆ. ಚಕ್ಕಡಿಯ ಕಾಲಕ್ಕೆಂದು ಹುಟ್ಟಿದ ಕಟಕ ರೊಟ್ಟಿ, ಹಿಂಡಿ, ಉಂಡಿ ಈಗ ಸಮುದ್ರ ದಾಟುತ್ತಿವೆ. ದಾಟಿದ ಮೇಲೆ ಅಲ್ಲಿ ಹೇಗೆ ಬಾಳುತ್ತವೆ?

ಪಂಚಮಿಗೆ ಇನ್ನೆರಡು ದಿನ. ಹೊರಗೆ ಜಿಟಿಜಿಟಿ ಮಳೆ, ಓಣಿಯ ತುಂಬ ಎರೆಮಣ್ಣಿನ ರಾಡಿ. ಮುರಗೋಡದ ಮನೆಯ ಪಡಸಾಲೆಯಲ್ಲಿ ಹೊಸ ಸೂಟ್‌ಕೇಸು ಬಾಯಿ ತೆರೆದು ಮಲಗಿದೆ. ಒಳಗೆ ರೊಟ್ಟಿ ತಟ್ಟುವ ಸಪ್ಪಳ ನಸುಕಿನಿಂದ ನಿಂತಿಲ್ಲ. ತೂಗುವ ಕೊಕ್ಕೆಗೆ ಸೂಟ್‌ಕೇಸು ಸಿಕ್ಕಿಸಿ ಮಗ ಎತ್ತಿ ಹಿಡಿಯುತ್ತಾನೆ, ತಂಗಿ ಬಗ್ಗಿ ಅಂಕಿ ಓದುತ್ತಾಳೆ.

‘ಅವ್ವಾ, ಇಪ್ಪತ್ತಮೂರ ಕಿಲೋದ ಮ್ಯಾಲ ಆದ್ರ ರೊಕ್ಕಾ ತುಂಬಬೇಕ.’

‘ಹಂಗಾರ ಆ ದಪ್ಪನ ಸ್ವೆಟರ್ ತಗದಿಡು. ಹಿಂಡಿ ಡಬ್ಬಿ ಮುಟ್ಟಬ್ಯಾಡ.’

ಸ್ವೆಟರ್ ಮೈಮೇಲೆ ಏರುತ್ತದೆ. ಡಬ್ಬಿ ಒಳಗೇ ಉಳಿಯುತ್ತದೆ.

ಅಷ್ಟರಲ್ಲಿ ಬಾಜು ಮನೆಯ ಕಾಕೂ ಸೆರಗಿನ ಮರೆಯಲ್ಲಿ ತಟ್ಟೆ ಹಿಡಿದು ಬರುತ್ತಾಳೆ. ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ್ದು. ಆಮೇಲೆ ಎದುರುಮನೆಯ ಆಯಿ. ಅವಳ ಹಿಂದೆ ಮೇಲಿನ ಓಣಿಯ ಅತ್ತಿ. ಉತ್ತರ ಕರ್ನಾಟಕದ ಊರುಗಳಲ್ಲಿ ನಾಗಪ್ಪನಿಗೆ ಹಾಲೆರೆಯುವ ಮುನ್ನಾದಿನ ರೊಟ್ಟಿ ಹಬ್ಬ. ಅಂದು ಮನೆಮನೆಯ ರೊಟ್ಟಿ ಮನೆಮನೆಗೆ ಹೋಗಬೇಕು. ಪರದೇಶಕ್ಕೆ ಹೊರಟವನು ಮನೆಯಲ್ಲಿದ್ದರೆ ಆ ರೊಟ್ಟಿಯೆಲ್ಲ ನೇರವಾಗಿ ಸೂಟ್‌ಕೇಸಿಗೆ ಇಳಿಯುತ್ತದೆ. ಒಬ್ಬ ತಾಯಿಯ ಕೈರುಚಿಯಲ್ಲ, ಇಡೀ ಓಣಿಯ ಕೈರುಚಿ ವಿಮಾನ ಹತ್ತುತ್ತದೆ.

ಶ್ರಾವಣದಲ್ಲಿ ಇಂಥ ನೋಟ ಮುರಗೋಡಕ್ಕಷ್ಟೇ ಸೀಮಿತವಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲ ಕಡೆ ಇದೇ ಗಡಿಬಿಡಿ. ಅಮೆರಿಕದ ವಿಶ್ವವಿದ್ಯಾಲಯಗಳ ಮೊದಲ ಸೆಮಿಸ್ಟರ್ ಶುರುವಾಗುವುದು ಆಗಸ್ಟ್ ಎರಡನೇ ಭಾಗದಲ್ಲಿ. ಪಂಚಮಿ ಬರುವುದು ಜುಲೈ ಕೊನೆಗೋ ಆಗಸ್ಟಿನಲ್ಲೋ. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ ಹೀಗೆ ಮಕ್ಕಳು ಮನೆ ಬಿಡುವ ಹಬ್ಬವೂ ಆಗಿದೆ.

ಎತ್ತಿನ ಹೆಜ್ಜೆಗೆ ಹೊಂದಿದ ಅಡುಗೆ

ಮುರಗೋಡ ಸವದತ್ತಿ ತಾಲ್ಲೂಕಿನ ದೊಡ್ಡ ಊರು. ಚಿದಂಬರ ದೀಕ್ಷಿತರ (1758–1815) ಕ್ಷೇತ್ರವೆಂದು ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ಮಹಾಂತ ದುರದುಂಡೀಶ್ವರ ಮಠದ ಸುತ್ತ ಮತ್ತೊಂದು ಭಕ್ತಗಣ. ದಾರಿ ನಡೆದು ಬಂದವರಿಗೆ ಉಣಿಸುವುದು, ದಾರಿ ಹಿಡಿದು ಹೊರಟವರಿಗೆ ಕಟ್ಟಿಕೊಡುವುದು ಈ ಊರಿಗೆ ಹೊಸದಲ್ಲ.

ಅದೇ ತಾಲ್ಲೂಕಿನ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಬಂದು ಸೇರುವ ಜನ ಲಕ್ಷಗಟ್ಟಲೆ. ಇಂದು ಟ್ರ್ಯಾಕ್ಟರು, ಟೆಂಪೊ, ಬಸ್ಸುಗಳೇ ಹೆಚ್ಚಾದರೂ ಕೊಲ್ಲಾರಿ ಚಕ್ಕಡಿ ಕಟ್ಟಿಕೊಂಡು ಬರುವವರು ಇನ್ನೂ ಇದ್ದಾರೆ. ಹೋಗಲು ದಿನಗಟ್ಟಲೆ, ಬರಲು ದಿನಗಟ್ಟಲೆ. ದಾರಿಯಲ್ಲಿ ನೆರಳು ಕಂಡಲ್ಲಿ ಎತ್ತು ಬಿಚ್ಚಬೇಕು, ನೀರು ಕಂಡಲ್ಲಿ ಗಂಟು ಬಿಚ್ಚಬೇಕು. ಒಲೆ ಹೂಡಿ ಬೇಯಿಸುವುದು ಗುಡ್ಡ ಮುಟ್ಟಿದ ಮೇಲೆ. ಅಲ್ಲಿಯವರೆಗೆ ಬುತ್ತಿಯೇ ಗತಿ.

ಈ ಸೀಮೆಯ ಅಡುಗೆಯ ಅರ್ಧ ಜಾಣತನ ಆ ಬುತ್ತಿಯಲ್ಲಿದೆ.

ಬಿಸಿ ರೊಟ್ಟಿ ಮನೆಯ ಊಟ. ಅದನ್ನೇ ಇನ್ನೂ ತೆಳ್ಳಗೆ ತಟ್ಟಿ, ಹಂಚಿನ ಮೇಲೆ ಬೇಯಿಸಿ, ಆಮೇಲೆ ಸಣ್ಣ ಉರಿಯ ಬದಿಗೆ ಆನಿಸಿಟ್ಟರೆ ಒಳಗಿನ ಪಸೆಯೆಲ್ಲ ಆರಿ ಕಟಕ ರೊಟ್ಟಿಯಾಗುತ್ತದೆ. ಎಣ್ಣೆ ಸೋಂಕಿಲ್ಲ, ನೀರಿನ ಅಂಶವಿಲ್ಲ. ಬೂಸರು ಹಿಡಿಯಲು ಬೇಕಾದ ತೇವವೇ ಅದರಲ್ಲಿ ಇರುವುದಿಲ್ಲ. ಅರಿವೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ಒಟ್ಟಿದರೆ ವಾರಗಳು ಕಳೆದರೂ ಮುರಿದಾಗ ಅದೇ ಕಟಕ್ ಸಪ್ಪಳ.

ಅದರ ಜೊತೆಗೆ ಹಿಂಡಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ಪುಟಾಣಿ ಹಿಂಡಿ. ಬೆಂಗಳೂರಿನವರು ಚಟ್ನಿಪುಡಿ ಎನ್ನುವ ಇದು ಈ ಕಡೆ ಊಟದ ಅಂಚಿನಲ್ಲಿ ಕೂರುವ ವಸ್ತುವಲ್ಲ. ಪಲ್ಲೆ ಇಲ್ಲದ ದಿನ ಅದೇ ಪಲ್ಲೆ. ಹುರಿದು, ಖಾರ, ಬಳ್ಳೊಳ್ಳಿ, ಉಪ್ಪು ಕೂಡಿಸಿ ಕುಟ್ಟಿದ ಪುಡಿಗೆ ಹೊಲದಲ್ಲಾದರೆ ಒಂದಿಷ್ಟು ಮೊಸರು, ಇಲ್ಲವೇ ಕುಸುಬಿ ಎಣ್ಣೆ ಬಿದ್ದರೆ ಸಾಕು. ಎಣ್ಣೆಕಾಳಿನ ಶಕ್ತಿ, ಬೇಳೆಕಾಳಿನ ಸತ್ವ ಒಂದೇ ಹಿಡಿಯಲ್ಲಿ ಸಿಕ್ಕಿಬಿಡುತ್ತದೆ.

ಸೀಗಿ ಹುಣ್ಣಿಮೆ, ಎಳ್ಳಮಾಸಿಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗಲೂ ಬುತ್ತಿ. ಶ್ರಾವಣ ಸೋಮವಾರ ಸೊಗಲದ ಸೋಮೇಶ್ವರನಿಗೆ ಕೈಮುಗಿದು ಜಲಪಾತದ ಬಂಡೆಯ ಮೇಲೆ ಕೂರುವಾಗಲೂ ಬುತ್ತಿ. ಈ ಕಡೆಯ ಊರುಗಳಿಂದ ಸೈನ್ಯಕ್ಕೆ ಸೇರಿದ ಹುಡುಗರು ಟ್ರಂಕಿನಲ್ಲಿ ಒಯ್ದದ್ದೂ ಅದನ್ನೇ. ಹಾಗಾಗಿ ಪರದೇಶಕ್ಕೆ ಹೊರಟ ಹುಡುಗನ ಸೂಟ್‌ಕೇಸನ್ನು ನೋಡಿ ‘ಮನೆಯ ಊಟದ ಹಂಬಲ’ ಎಂದು ಕನಿಕರ ಪಡುವವರು ಈ ಅಡುಗೆಯ ಗುಣವನ್ನೇ ಗುರುತಿಸಿಲ್ಲ. ಇದು ಮನೆಯಲ್ಲೇ ಇರಲೆಂದು ಹುಟ್ಟಿದ ಅಡುಗೆಯಲ್ಲ. ಹೊರಡುವವರಿಗಾಗಿಯೇ ತಲೆಮಾರುಗಳ ಹೆಂಗಸರು ರೂಪಿಸಿದ್ದು. ದಾರಿ ಉದ್ದವಾಗಿದೆ, ಅಷ್ಟೆ.

ಪಂಚಮಿಯ ತಟ್ಟೆ

*ರೊಟ್ಟಿ:* ಬಿಳಿಜೋಳದ ಕಟಕ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ.

*ನಂಜಿಕೊಳ್ಳಲು:* ಎಣ್ಣಿಗಾಯಿ, ಮಡಕಿಕಾಳು ಪಲ್ಲೆ, ಹೆಸರುಕಾಳು ಪಲ್ಲೆ, ಪುಂಡಿ ಪಲ್ಲೆ, ಝುಣಕ, ಕೆಂಪು ಮೆಣಸಿನಕಾಯಿಯ ರಂಜಕ, ಬಗೆಬಗೆಯ ಹಿಂಡಿ.

*ಮರುದಿನಕ್ಕೆ:* ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ಲಡಕಿ ಉಂಡಿ, ತಂಬಿಟ್ಟು, ಜೋಳದ ಅರಳು. ಮರಕ್ಕೆ ಕಟ್ಟಿದ ಜೋಕಾಲಿ.

*ಸೂಟ್‌ಕೇಸಿಗೆ ಹೋಗುವುದು:* ರೊಟ್ಟಿ, ಹಿಂಡಿ, ಉಂಡಿ. ಮನೆಯಲ್ಲಿ ಉಳಿಯುವುದು: ಪಲ್ಲೆ.

ಬೆಳಗಾವಿಯಿಂದ ಚಿಕಾಗೊಗೆ

ಈ ದಾರಿಯಲ್ಲಿ ಮೊದಲು ನಡೆದವರು ಕಡಿಮೆ, ಆದರೆ ಅವರು ಬರೆದಿಟ್ಟದ್ದು ದೊಡ್ಡದು. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು 1930ರ ದಶಕದಲ್ಲಿ ಹಡಗು ಹತ್ತಿ ಆಕ್ಸ್‌ಫರ್ಡಿಗೆ ಓದಲು ಹೋದರು. ‘ಸಮುದ್ರದಾಚೆಯಿಂದ’ ಆ ಕಾಲದ ಕೃತಿ. ಹಾಸನದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಇಳಿವಯಸ್ಸಿನಲ್ಲಿ ಅಮೆರಿಕ ನೋಡಿ ಬಂದು ಬರೆದ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೋಗಿ ಬಂದವರ ಕಥೆಗಳು ಇವು.

ಹೋಗಿ ಅಲ್ಲೇ ಉಳಿದವರಲ್ಲಿ ಈ ಸೀಮೆಗೆ ಹತ್ತಿರದವರು ಎ.ಕೆ. ರಾಮಾನುಜನ್. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಅವರು 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದರು. ಪಾಠ ಮುಗಿಸಿ ಸುತ್ತಲ ಸೀಮೆಯ ಜನರ ಬಾಯಿಂದ ಕಥೆ ಕೇಳಿ ಬರೆದುಕೊಳ್ಳುವ ಕೆಲಸಕ್ಕೂ ಅದೇ ದಿನಗಳಲ್ಲಿ ಕೈಹಾಕಿದರು. 1959ರಲ್ಲಿ ಅಮೆರಿಕಕ್ಕೆ ಹೋದರು. 1962ರಿಂದ 1993ರಲ್ಲಿ ತೀರಿಕೊಳ್ಳುವವರೆಗೂ ಚಿಕಾಗೊ ವಿಶ್ವವಿದ್ಯಾಲಯವೇ ಅವರ ನೆಲೆ. ಮೂರು ದಶಕ ಮಿಷಿಗನ್ ಸರೋವರದ ದಂಡೆಯ ಚಳಿಯಲ್ಲಿ ಕುಳಿತು ಅವರು ಮತ್ತೆ ಮತ್ತೆ ಮರಳಿದ್ದು ಅಡುಗೆಮನೆಗೆ. ರುಚಿಗಾಗಿ ಮಾತ್ರವಲ್ಲ, ಕಥೆಗಾಗಿ.

ಸಂಜೆ ಮಕ್ಕಳನ್ನು ಕೂಡಿಸಿಕೊಂಡು ಉಣಿಸುತ್ತ ಮನೆಯ ಹಿರಿಯ ಹೆಂಗಸು ಹೇಳುವ ಕಥೆಯೇ ಬೇರೆ, ಊರ ನಡುವೆ ವೃತ್ತಿ ಕಲಾವಿದರು ಹಾಡಿ ಹೇಳುವ ಕಥೆಯೇ ಬೇರೆ ಎಂಬುದನ್ನು ಅವರು 1986ರ ಒಂದು ಪ್ರಬಂಧದಲ್ಲಿ ಕನ್ನಡ ಜಾನಪದವನ್ನೇ ಇಟ್ಟುಕೊಂಡು ತೋರಿಸಿದರು. ಹಳೆಯ ತಮಿಳು ಕಾವ್ಯದ ಅಗಂ, ಪುರಂ ಎಂಬ ಒಳ–ಹೊರಗಿನ ವಿಂಗಡಣೆಯನ್ನು ಕನ್ನಡದ ಒಲೆ–ಅಂಗಳಗಳಿಗೆ ಹೊಂದಿಸಿ ನೋಡಿದ ಬರಹ ಅದು. 1992ರಲ್ಲಿ ಪ್ರಕಟವಾದ ಮತ್ತೊಂದು ಪ್ರಬಂಧದಲ್ಲಿ ಉಪನಿಷತ್ತಿನಿಂದ ಹಿಡಿದು ಭಕ್ತಿಕಾವ್ಯದವರೆಗೆ ಅನ್ನದ ಚಿತ್ರಗಳನ್ನೆಲ್ಲ ಒಂದೆಡೆ ಕಲೆಹಾಕಿದರು.

ಬಡ ತಾಯಿಗೆ ಆಸರೆಯಾಗಲೆಂದು ಹೂವಿನ ಮರವಾಗುವ ಹುಡುಗಿಯ ಕನ್ನಡ ಕಥೆಯನ್ನು ಅವರು ಹಲವು ಪಾಠಗಳಲ್ಲಿ ಕೇಳಿ ಬರೆದುಕೊಂಡು ಇಂಗ್ಲಿಷಿಗೆ ತಂದರು. ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಅದನ್ನು ಆಪೆರಾ ಮಾಡಿ 2006ರಲ್ಲಿ ವಿಯೆನ್ನಾದ ವೇದಿಕೆಗೆ ಏರಿಸಿದರು. ಅಕ್ಷರ ಬಾರದ ಹೆಂಗಸರು ಮಕ್ಕಳಿಗೆ ತುತ್ತು ಕೊಡುತ್ತ ಹೇಳಿಕೊಂಡು ಬಂದ ಕಥೆಗೆ ಯುರೋಪಿನ ವೇದಿಕೆಯಲ್ಲಿ ವೆನೆಜುವೆಲಾದ ವಾದ್ಯವೃಂದ ನುಡಿಸಿತು. ಅಡುಗೆಮನೆಯಿಂದ ಹೊರಟದ್ದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ ಸಿಗುವುದು ಕಷ್ಟ.

ರಾಮಾನುಜನ್ನರ ಇನ್ನೊಂದು ವಾದ ಇಂದಿನ ವಲಸಿಗರ ಅಡುಗೆಗೆ ನೇರವಾಗಿ ತಾಗುತ್ತದೆ. ಭಾರತೀಯರ ಯೋಚನೆಯ ಕ್ರಮ ಸಂದರ್ಭಕ್ಕೆ ಅಂಟಿಕೊಂಡದ್ದು, ಕಾಲ–ಸ್ಥಳ–ಮಣ್ಣು–ಋತು ಬದಲಾದರೆ ನಿಯಮವೂ ಬದಲಾಗುತ್ತದೆ ಎಂದರು ಅವರು. ಯಾವ ಹಬ್ಬಕ್ಕೆ ಏನು, ಯಾವ ಮಾಸದಲ್ಲಿ ಯಾವ ಎಣ್ಣೆ ಎಂದು ಲೆಕ್ಕವಿಟ್ಟ ಬೆಳಗಾವಿಯ ಅಡುಗೆಗೆ ಇದು ಪೂರ್ತಿ ಒಪ್ಪುವ ಮಾತು. ಹಾಗಿದ್ದರೆ ಆ ಮಣ್ಣೂ ಇಲ್ಲದ, ಆ ಮಳೆಯೂ ಇಲ್ಲದ ಊರಿನಲ್ಲಿ ರೊಟ್ಟಿ ತಟ್ಟಿದಾಗ ಏನಾಗುತ್ತದೆ?

ಜಿಗಿ ಇಲ್ಲದ ಹಿಟ್ಟು

ಮೊದಲಿಗೆ ರೊಟ್ಟಿ ಹರಿಯುತ್ತದೆ.

ಊರಿಂದ ಒಯ್ದ ಕಟಕ ರೊಟ್ಟಿ ದೀಪಾವಳಿಗೆ ಮುಂಚೆಯೇ ಮುಗಿದಿರುತ್ತದೆ. ಆಗ ಇಂಡಿಯನ್ ಅಂಗಡಿಯಿಂದ ಜೋಳದ ಹಿಟ್ಟಿನ ಪಾಕೀಟು ಬರುತ್ತದೆ. ಆ ಹಿಟ್ಟು ಬೀಸಿ ತಿಂಗಳುಗಳಾಗಿವೆ. ನಾದಿದರೆ ಕೂಡುವುದಿಲ್ಲ, ತಟ್ಟಿದರೆ ಅಂಚು ಸೀಳುತ್ತದೆ, ಎತ್ತಿದರೆ ಕೈಯಲ್ಲೇ ಎರಡಾಗುತ್ತದೆ. ವಿಡಿಯೊ ಕರೆಯ ಆ ತುದಿಯಲ್ಲಿ ಕೂತ ಅವ್ವ ಪರದೆಯಲ್ಲೇ ರೋಗ ಗುರುತಿಸುತ್ತಾಳೆ: ‘ಹಿಟ್ಟಿನಾಗ ಜಿಗಿ ಇಲ್ಲವಾ. ಎಸರ ಇನ್ನೂ ಕುದೀಲಿ. ಗಡಿಬಿಡಿ ಮಾಡಬ್ಯಾಡ.’

ಅವಳು ಹೇಳುವುದು ಸರಿಯಾದ ವಿಜ್ಞಾನ. ಗೋಧಿಯಲ್ಲಿ ಗ್ಲುಟೆನ್ ಇದೆ. ನೀರು ತಾಗಿ ನಾದಿದೊಡನೆ ಅದು ಹಿಟ್ಟನ್ನು ಎಳೆಎಳೆಯಾಗಿ ಹಿಡಿದುಕೊಳ್ಳುತ್ತದೆ. ಜೋಳದಲ್ಲಿ ಅದಿಲ್ಲ. ಅಲ್ಲಿ ಹಿಟ್ಟು ಕೂಡುವುದು ಕುದಿಯುವ ಎಸರಿಗೆ ಪಿಷ್ಟ ಉಬ್ಬಿ ಅಂಟಾದಾಗ. ಎಸರು ತಣ್ಣಗಾದರೆ ಕೆಲಸ ಕೆಟ್ಟಿತು. ಹೊಸದಾಗಿ ಬೀಸಿದ ಹಿಟ್ಟಿನ ಜಿಗಿ ಹಳೆಯದಕ್ಕೆ ಬರುವುದಿಲ್ಲ. ಊರಿನಲ್ಲಿ ಗಿರಣಿಗೆ ವಾರಕ್ಕಾಗುವಷ್ಟೇ ಜೋಳ ಕಳಿಸುವುದರ ಹಿಂದಿನ ಕಾರಣ ಇದು. ಅದು ಗೊತ್ತಾಗುವುದು ಗಿರಣಿ ಇಲ್ಲದ ಊರಿಗೆ ಹೋದ ಮೇಲೆ.

ಆಮೇಲೆ ಉಪಾಯಗಳು ಒಂದೊಂದಾಗಿ ಹುಟ್ಟುತ್ತವೆ. ಅಡಿಗೆ ಬೇಕಿಂಗ್ ಕಾಗದ ಹಾಸಿ ತಟ್ಟುವವರು, ತಟ್ಟುವುದನ್ನೇ ಬಿಟ್ಟು ಲಟ್ಟಣಿಗೆ ಹಿಡಿಯುವವರು, ಜೋಳವನ್ನೇ ತಂದು ಮಿಕ್ಸಿಯಲ್ಲಿ ಪುಡಿಮಾಡಿ ಜರಡಿ ಹಿಡಿಯುವವರು. ಬೆಂಕಿ ಕಾಣದ ವಿದ್ಯುತ್ ಒಲೆಯ ಮೇಲೆ ರೊಟ್ಟಿ ಉಬ್ಬಿಸುವುದು ಎಲ್ಲಕ್ಕಿಂತ ದೊಡ್ಡ ಸವಾಲು. ನೀರು ಸವರಿದ ಮೈ ಆರುವ ಹೊತ್ತಿಗೆ ಮಗುಚಿ, ಅರಿವೆಯ ಉಂಡೆಯಿಂದ ಅಂಚು ಒತ್ತುತ್ತ ಹೋದರೆ ಅಲ್ಲಿಯೂ ಉಬ್ಬುತ್ತದೆ.

ಒಗ್ಗರಣೆಗೆ ಖಾರ ಬಿದ್ದಾಗ ಚಾವಣಿಯ ಹೊಗೆ ಗಂಟೆ ಕಿರುಚುವುದು, ಕೆಳಗಿನ ಮನೆಯವರು ಬಂದು ಬಾಗಿಲು ಬಡಿದು ‘ಏನು ಸಪ್ಪಳ’ ಎಂದು ಕೇಳುವುದು ಅಲ್ಲಿಯ ದಿನಚರಿಯ ಭಾಗ. ರೊಟ್ಟಿ ತಟ್ಟುವುದನ್ನು ಶನಿವಾರ ಮಧ್ಯಾಹ್ನಕ್ಕೆ ಮುಂದೂಡಿದವರೂ ಇದ್ದಾರೆ. ಮುರಗೋಡದಲ್ಲಿ ಬೆಳಗಿನ ಹೊತ್ತು ಮನೆಮನೆಯಿಂದ ಕೇಳುವ ಸಪ್ಪಳಕ್ಕೆ ಅಲ್ಲಿ ವಾರದ ಒಂದು ಗಳಿಗೆ ಮೀಸಲು.

ಹಿಂಡಿಯ ಪಾಡು ಇಷ್ಟು ಕಷ್ಟದ್ದಲ್ಲ. ಶೇಂಗಾ, ಅಗಸಿ ಎರಡರಲ್ಲೂ ಎಣ್ಣೆಯಂಶ ಹೆಚ್ಚು, ಬೆಚ್ಚಗಿನ ಅಡುಗೆಮನೆಯಲ್ಲಿ ಬೇಗ ಕಮಟು ಹಿಡಿಯುತ್ತದೆ. ಫ್ರಿಜ್ಜಿನಲ್ಲಿಟ್ಟರೆ ತಿಂಗಳುಗಳು ಬರುತ್ತದೆ. ಅದಕ್ಕಿಂತ ಮುಖ್ಯವಾದ ಬದಲಾವಣೆ ಇನ್ನೊಂದಿದೆ. ಊರಿನಲ್ಲಿ ಬುತ್ತಿಯ ಹಿಂದೆ ಜಾಣತನದ ಜೊತೆಗೆ ಮಡಿಯೂ ಇತ್ತು ಎಂಬುದನ್ನು ಮುಚ್ಚಿಡಬೇಕಿಲ್ಲ. ಪರರ ಕೈಯ ನೀರು ಮುಟ್ಟದವರು, ದಾರಿಯಲ್ಲಿ ಯಾರ ಮನೆಯಲ್ಲೂ ಉಣ್ಣದವರು ತಮ್ಮ ಗಂಟು ತಾವು ಒಯ್ಯುತ್ತಿದ್ದರು. ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಮೂರ್ತಿಯವರು ವಿದೇಶಕ್ಕೆ ಹೋಗುವಾಗ ಚಪಾತಿ, ಹುರಿದ ರವೆ ತುಂಬಿದ ಚೀಲ, ತಮ್ಮದೇ ಚಮಚ ಒಯ್ಯುವುದಾಗಿ 2023ರಲ್ಲಿ ಹೇಳಿದಾಗ ಎದ್ದ ದೊಡ್ಡ ಚರ್ಚೆಯಲ್ಲಿ ಈ ಹಳೆಯ ಪ್ರಶ್ನೆಯೂ ಇತ್ತು.

ಪರದೇಶದ ಬಾಡಿಗೆ ಮನೆಯಲ್ಲಿ ಆ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಂದೇ ಒಲೆ, ಒಂದೇ ಫ್ರಿಜ್ಜು, ನಾಲ್ಕು ಊರಿನ ಹುಡುಗರು. ಗುಂಟೂರಿನವನ ಉಪ್ಪಿನಕಾಯಿ, ರಾಜಕೋಟದವನ ಥೇಪ್ಲಾ, ಮುರಗೋಡದವನ ಶೇಂಗಾ ಹಿಂಡಿ ಒಂದೇ ಟೇಬಲ್ಲಿನ ಮೇಲೆ. ಯಾರ ಡಬ್ಬಿ ಮೊದಲು ಖಾಲಿಯಾಗುತ್ತದೆ ಎಂಬುದಷ್ಟೇ ಅಲ್ಲಿಯ ಲೆಕ್ಕ. ಬುತ್ತಿ ನಿಜವಾಗಿ ದೊಡ್ಡದಾದದ್ದು ಇಲ್ಲಿ.

ಸೂಟ್‌ಕೇಸು ಕಟ್ಟುವ ಮುನ್ನ

*ಹಿಂಡಿ, ಖಾರ, ಹಿಟ್ಟು:* ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿ.ಲೀ.ಗಿಂತ ಹೆಚ್ಚು ಪುಡಿ ಕೈಚೀಲದಲ್ಲಿದ್ದರೆ 2018ರ ಜೂನ್ 30ರಿಂದ ಹೆಚ್ಚಿನ ತಪಾಸಣೆ. ದೊಡ್ಡ ಸೂಟ್‌ಕೇಸಿಗೆ ಹಾಕಿದರೆ ಚಿಂತೆಯಿಲ್ಲ.

*ಕುಂದಾ, ಪೇಡೆ:* ಐರೋಪ್ಯ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಜರ್ಮನಿಗೆ ಹೊರಟವರು ಬೆಳಗಾವಿ ಕುಂದಾ ಊರಲ್ಲೇ ತಿಂದು ಹೋಗಬೇಕು.

*ಒಣಕೊಬ್ಬರಿ:* ಎಣ್ಣೆಯಂಶದಿಂದಾಗಿ ತಾನೇ ಕಾವು ಏರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿನಲ್ಲಿ ವಿಮಾನಯಾನದ ನಿಯಮ ಇದನ್ನು ಸೇರಿಸಿದೆ. ಬಿಟ್ಟು ಹೋಗುವುದೇ ಲೇಸು.

*ಆಸ್ಟ್ರೇಲಿಯಾ:* ತಿನ್ನುವ ವಸ್ತು ಏನಿದ್ದರೂ ಇಳಿಯುವಾಗ ಬರೆದು ತಿಳಿಸಬೇಕು. ಮುಚ್ಚಿಟ್ಟರೆ ದಂಡ.

ಕಾನ್ಸಾಸಿನ ಜೋಳ

ಅಮೆರಿಕದ ನಡುನಾಡು ಕಾನ್ಸಾಸಿನ ಹೆದ್ದಾರಿಯಲ್ಲಿ ಸೆಪ್ಟೆಂಬರಿನಲ್ಲಿ ಕಾರು ಓಡಿಸುವ ಬೈಲಹೊಂಗಲದ ಎಂಜಿನಿಯರನಿಗೆ ಒಮ್ಮೆ ದಿಗ್ಭ್ರಮೆಯಾಗುತ್ತದೆ. ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಜೋಳದ ತೆನೆ. ಎತ್ತರ ಮಾತ್ರ ಸೊಂಟದ ಮಟ್ಟ, ಬಣ್ಣ ಕೆಂಪು.

ಜಗತ್ತಿನಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ದೇಶ ಅಮೆರಿಕ, ಅಲ್ಲಿ ಮುಂದಿರುವ ರಾಜ್ಯ ಕಾನ್ಸಾಸ್. ಆದರೆ ಆ ಜೋಳ ಮನುಷ್ಯರ ತಟ್ಟೆಗೆ ಬರುವುದು ತೀರ ಕಡಿಮೆ. ದನ, ಕೋಳಿಗಳ ಮೇವಿಗೆ, ಎಥೆನಾಲ್ ತಯಾರಿಕೆಗೆ, ರಫ್ತಿಗೆ ಹೋಗುತ್ತದೆ. ಯಂತ್ರದ ಕೊಯ್ಲಿಗೆ ಅನುಕೂಲವಾಗಲೆಂದು ಗಿಡವನ್ನು ಗಿಡ್ಡ ಮಾಡಿದ್ದಾರೆ. ಇತ್ತೀಚೆಗೆ ಗ್ಲುಟೆನ್ ಒಗ್ಗದವರಿಗಾಗಿ ಬಿಳಿಜೋಳದ ಹಿಟ್ಟು ಅಲ್ಲಿಯ ಅಂಗಡಿಗಳಿಗೆ ಬಂದಿದೆ. ಅದನ್ನು ಕೊಂಡು ತಂದು ರೊಟ್ಟಿ ತಟ್ಟುವ ಕನ್ನಡಿಗರ ಮನೆಗಳು ಈಗ ಆ ದೇಶದ ಉದ್ದಗಲಕ್ಕೂ ಇವೆ.

ಹಿರಿಯರು ಈ ಸುದ್ದಿ ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಅಮೆರಿಕದ ಜೋಳ ಅವರಿಗೆ ಬೇರೆ ಕಾರಣಕ್ಕೆ ನೆನಪಿದೆ. 1954ರ ಪಿ.ಎಲ್. 480 ಕಾಯ್ದೆಯಡಿ ಅಲ್ಲಿಂದ ಭಾರತಕ್ಕೆ ಬಂದ ಧಾನ್ಯಗಳಲ್ಲಿ ಗೋಧಿಯ ಜೊತೆಗೆ ‘ಮೈಲೊ’ ಎಂಬ ಕೆಂಪು ಜೋಳವೂ ಇತ್ತು. ದಖ್ಖನ್ನಿನ ಬರದ ವರ್ಷಗಳಲ್ಲಿ ಸಾಲಿನಲ್ಲಿ ನಿಂತು ಜನ ಆ ಕೆಂಪು ಜೋಳ ತಂದರು, ಒರಟು ರೊಟ್ಟಿ ತಿಂದರು. ಹೊಟ್ಟೆಗಿಲ್ಲದೆ ಅಮೆರಿಕದ ಜೋಳ ತಿಂದವರ ಮೊಮ್ಮಕ್ಕಳು ಇಂದು ತಮ್ಮ ಸಂಬಳದಲ್ಲಿ, ತಮ್ಮ ಇಷ್ಟಕ್ಕೆ, ಅಮೆರಿಕದಲ್ಲೇ ಅಮೆರಿಕದ ಜೋಳ ಕೊಳ್ಳುತ್ತಿದ್ದಾರೆ. ಐವತ್ತು–ಅರವತ್ತು ವರ್ಷಗಳಲ್ಲಿ ಒಂದೇ ಕಾಳು ಎರಡು ತಲೆಮಾರುಗಳ ಬಾಳಿನ ನಡುವಿನ ದೂರವನ್ನು ಇಷ್ಟು ನಿಚ್ಚಳವಾಗಿ ತೋರಿಸಿಕೊಟ್ಟದ್ದು ಅಪರೂಪ.

ಊರಿನ ಜೋಳಕ್ಕೂ ತನ್ನದೇ ವಲಸೆಯ ಚರಿತ್ರೆ ಇದೆ.

ಜೋಳದ ಜಾಡು

*ಹುಟ್ಟು:* ಆಫ್ರಿಕ. ಪೂರ್ವ ಸುಡಾನಿನಲ್ಲಿ ಸಿಕ್ಕ ಮಡಕೆಯ ಚೂರುಗಳಲ್ಲಿ ಸುಮಾರು 5000 ವರ್ಷ ಹಿಂದಿನ ಕೃಷಿ ಜೋಳದ ಗುರುತುಗಳಿವೆ. ಭಾರತಕ್ಕೆ ಬಂದದ್ದು ಅಂದಾಜು 4000 ವರ್ಷಗಳ ಹಿಂದೆ.

*ದಾಯಾದಿಗಳು:* ಸುಡಾನಿನಲ್ಲಿ ಇಂದಿಗೂ ಜೋಳದ ಹಿಟ್ಟು ಹುಳಿ ಬರಿಸಿ ಹಂಚಿನ ಮೇಲೆ ತೆಳ್ಳಗೆ ಹರವಿ ‘ಕಿಸ್ರಾ’ ಮಾಡುತ್ತಾರೆ.

*ಜೊತೆಗಾರರು:* ರೊಟ್ಟಿಯ ಪಕ್ಕದ ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡಗಳಿಂದ ಬಂದವು.

*ರೊಟ್ಟಿಯ ರಾಜ:* ಮಾಲದಂಡಿ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆಯ್ದ ಎಂ 35–1 ತಳಿ ಇಂದಿಗೂ ಹಿಂಗಾರಿಯ ನೆಚ್ಚಿನ ಜೋಳ. ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್–1 ಬಿಡುಗಡೆಯಾದದ್ದು 1964ರಲ್ಲಿ. ಇಳುವರಿ ಗೆದ್ದಿತು, ರೊಟ್ಟಿಯ ರುಚಿಯಲ್ಲಿ ಮಾಲದಂಡಿಯೇ ಉಳಿಯಿತು.

*ಮನ್ನಣೆ:* ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವಾಗಿ ಆಚರಿಸಿತು. ಜೋಳವೂ ಅದರಲ್ಲಿ ಸೇರಿತ್ತು.

ತಟ್ಟುವ ಕೈಗಳು

ಪರದೇಶದ ರೊಟ್ಟಿಯ ಕಥೆಯಲ್ಲಿ ಹೆಚ್ಚು ಯಾರೂ ಮಾತಾಡದ ಸಂಗತಿಯೊಂದಿದೆ. ಅಲ್ಲಿ ಗಂಡುಮಕ್ಕಳು ರೊಟ್ಟಿ ಕಲಿಯುತ್ತಿದ್ದಾರೆ.

ಮುರಗೋಡದಲ್ಲೇ ಉಳಿದಿದ್ದರೆ ಆ ಹುಡುಗ ಪರಾತದ ಮುಂದೆ ಕೂರುವ ಪ್ರಸಂಗ ಬರುತ್ತಿರಲಿಲ್ಲ. ಈ ಕಡೆ ರೊಟ್ಟಿ ಹೆಂಗಸಿನ ಕೆಲಸ. ಸೊಸೆಯಾಗಿ ಬರುವವಳಿಗೆ ರೊಟ್ಟಿ ಬರುತ್ತದೋ ಇಲ್ಲವೋ ಎಂದು ಕನ್ಯೆ ನೋಡಲು ಹೋದವರು ಕೇಳಿದ್ದುಂಟು. ಕೂಡುಕುಟುಂಬದಲ್ಲಿ ದಿನಕ್ಕೆ ಬುಟ್ಟಿ ತುಂಬ ರೊಟ್ಟಿ. ಹೊಗೆಯಲ್ಲಿ ಕಣ್ಣು, ಹಂಚಿನ ಕಾವಿಗೆ ಬೆರಳ ತುದಿ, ಬಗ್ಗಿ ಬಗ್ಗಿ ಸೊಂಟ. ಅಷ್ಟು ನುರಿತ ಕೈಗೆ ಕೂಲಿಯ ಮಾತಿರಲಿ, ‘ರೊಟ್ಟಿ ಚಲೋ ಆಗ್ಯಾವ’ ಎಂಬ ಮಾತೂ ದುರ್ಲಭವಾಗಿತ್ತು. ಸಾವಿರಾರು ಮೈಲಿ ದೂರದಲ್ಲಿ ತನ್ನ ಮೂರನೇ ರೊಟ್ಟಿಯೂ ಹರಿದಾಗ ಮಗನಿಗೆ ಮೊದಲ ಬಾರಿ ಅದರ ಬೆಲೆ ತಿಳಿಯುತ್ತದೆ. ಫೋನಿನಲ್ಲಿ ಅವನು ಕೇಳುವ ಪ್ರಶ್ನೆಗಳು ಬದಲಾಗುತ್ತವೆ. ಊರಿಗೆ ಬಂದಾಗ ಒಲೆಯ ಹತ್ತಿರ ಕೂತು ನೋಡುತ್ತಾನೆ, ಒಂದೆರಡು ತಾನೇ ತಟ್ಟುತ್ತಾನೆ, ಅಜ್ಜಿ ನಗುತ್ತಾಳೆ.

ಇನ್ನೊಂದು ಬದಲಾವಣೆ ಊರಿನಲ್ಲೇ ಆಗಿದೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಬೆಂಗಳೂರಿನ ಖಾನಾವಳಿಗಳಿಗೆ, ಅಂಗಡಿಗಳಿಗೆ ಕಟಕ ರೊಟ್ಟಿ ಒದಗಿಸುವ ಹೆಂಗಸರ ಗುಂಪುಗಳು ಬೆಳೆದಿವೆ. ಮದುವೆ, ಸೀಮಂತಗಳಿಗೆ ಲೆಕ್ಕ ಹಿಡಿದು ರೊಟ್ಟಿ ಕೊಡುತ್ತಾರೆ. ಕಲಬುರಗಿಯಲ್ಲಿ ಜಿಲ್ಲಾಡಳಿತವೇ ಸ್ವಸಹಾಯ ಸಂಘಗಳನ್ನು ಕೂಡಿಸಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 2025ರ ಜೂನ್ ತಿಂಗಳ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಆ ಹೆಂಗಸರನ್ನು ನೆನೆದರು. ಈಗ ಆನ್‌ಲೈನಿನಲ್ಲೂ ಸಿಗುವ ರೊಟ್ಟಿ ಅದು.

ಬೆಳಗಾವಿ ಜಿಲ್ಲೆಗೂ ಇಂಥದೊಂದು ಹೆಸರು, ಗುರುತು ಬೇಕು. ಗೋಕಾಕದ ಕರದಂಟಿಗೆ, ಬೆಳಗಾವಿಯ ಕುಂದಾಕ್ಕೆ ಸಿಕ್ಕ ಖ್ಯಾತಿ ಸವದತ್ತಿ ಕಡೆಯ ಹಿಂಡಿಗೆ, ರೊಟ್ಟಿಗೆ ಇನ್ನೂ ಸಿಕ್ಕಿಲ್ಲ. ಸಿಕ್ಕರೆ ಓಣಿಯ ಕಾಕೂ, ಆಯಿ, ಅತ್ತಿಯರ ಕೈಗೆ ನಾಲ್ಕು ಕಾಸು ಬರುತ್ತದೆ. ಇಷ್ಟು ಕಾಲ ಪುಕ್ಕಟೆಯಾಗಿ ಊರನ್ನೂ ಪರವೂರನ್ನೂ ಸಾಕಿದ ಕೈಗಳಿಗೆ ಅಷ್ಟು ಸಲ್ಲಲೇಬೇಕು.

ಆದರೆ ಆ ಕೈಗಳ ಮುಂದೆ ಜೋಳ ಇರಬೇಕಲ್ಲ? ಮಲಪ್ರಭೆಯ ನೀರು ಹರಿದಲ್ಲಿ ಕಬ್ಬು ಬಂತು. ಬೈಲಹೊಂಗಲದ ಕಡೆ ಮುಂಗಾರಿಗೆ ಸೋಯಾಬೀನ್ ತುಂಬಿದೆ. ಜೋಳದ ರಾಶಿಗೆ ಆಳು ಸಿಗುವುದಿಲ್ಲ, ಹಕ್ಕಿ ಕಾಯುವವರಿಲ್ಲ, ಕಬ್ಬಿನಷ್ಟು ರೊಕ್ಕ ಬರುವುದಿಲ್ಲ. ಮನೆಯ ಉಣ್ಣುವ ಪಾಲಿಗೆಂದು ಎಕರೆ, ಅರ್ಧ ಎಕರೆ ಬಿತ್ತುವವರೇ ಹೆಚ್ಚು. ಅವ್ವ ಮಗನಿಗೆ ಕಟ್ಟಿಕೊಡುವ ರೊಟ್ಟಿಯ ಜೋಳ ಎಷ್ಟೋ ಸಲ ಬೈಲಹೊಂಗಲದ ಸಂತೆಯಿಂದ ಕೊಂಡದ್ದು, ವಿಜಯಪುರದ ಕಡೆಯಿಂದ ಬಂದದ್ದು.

ಸೂಟ್‌ಕೇಸಿಗೆ ಹೋಗದ ತಿನಿಸು

ಇಷ್ಟೆಲ್ಲ ಕಟ್ಟಿ ಒಯ್ಯಬಹುದಾದ ಸೀಮೆಯಲ್ಲಿ ಕಟ್ಟಲಾಗದ ತಿನಿಸೂ ಒಂದಿದೆ: ಸೀತನಿ.

ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಎರೆಹೊಲದ ಹಸಿ ನಂಬಿ. ಸಂಕ್ರಾಂತಿಯ ಆಸುಪಾಸಿಗೆ ತೆನೆಯ ಕಾಳು ಹಾಲು ಬಿಟ್ಟು ಗಟ್ಟಿಯಾಗುವ ಹದಕ್ಕೆ ಬರುತ್ತದೆ. ಹಸಿರು, ಮೆತ್ತಗೆ, ಸಿಹಿ. ಹೊಲದಲ್ಲೇ ಗುಂಡಿ ತೋಡಿ, ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಬಿಸಿಯಿರುವಾಗಲೇ ಬಾಯಿಗೆ ಹಾಕಿಕೊಳ್ಳಬೇಕು. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ, ಮೊಸರು. ತಣ್ಣಗಾದರೆ ಕಾಳು ಬಿರುಸಾಗುತ್ತದೆ. ಮರುದಿನಕ್ಕೆ ಅದು ಸೀತನಿಯೇ ಅಲ್ಲ. ಡಬ್ಬಿಗೆ, ಕೊರಿಯರಿಗೆ, ಫ್ರಿಜ್ಜಿಗೆ ಒಗ್ಗುವ ವಸ್ತುವಲ್ಲ.

ವಲಸೆ ಹೋದವರ ರಜೆಯ ಪಂಚಾಂಗ ಇದಕ್ಕೆ ಹೊಂದುವುದಿಲ್ಲ. ಕ್ರಿಸ್‌ಮಸ್ ರಜೆಗೆ ಡಿಸೆಂಬರಿನಲ್ಲಿ ಬಂದು ಹೊಸ ವರ್ಷದ ಮೊದಲ ವಾರ ಹೊರಟುಬಿಡುತ್ತಾರೆ. ಆಗಿನ್ನೂ ತೆನೆ ಹಾಲುಗಾಳು. ಅಮೆರಿಕದ ಸೆಮಿಸ್ಟರ್ ಜನವರಿಯಲ್ಲಿ ಶುರುವಾಗುವುದರಿಂದ ವಿದ್ಯಾರ್ಥಿಗಳಿಗೆ ಬೇರೆ ದಾರಿಯಿಲ್ಲ. ಕೆಲಸಕ್ಕೆ ಸೇರಿದವರು ಮಾತ್ರ ಈಗೀಗ ಜಾಣರಾಗಿದ್ದಾರೆ. ಡಿಸೆಂಬರಿನ ದುಬಾರಿ ಟಿಕೆಟ್ ಬಿಟ್ಟು ಸಂಕ್ರಾಂತಿ ಮತ್ತು ಭಾರತ ಹುಣ್ಣಿಮೆಯ ನಡುವೆ ರಜೆ ಹಾಕುತ್ತಾರೆ. ಟಿಕೆಟ್ ಮಾಡಿಸುವ ಮೊದಲು ಊರಿಗೆ ಫೋನು ಹೋಗುತ್ತದೆ: ‘ಕಾಕಾ, ಈ ವರ್ಷ ಜ್ವಾಳ ಯಾವಾಗ ಬಿತ್ತೀರಿ?’ ಕಾಕಾ ಬಿತ್ತಿದ ವಾರ ಹೇಳುತ್ತಾನೆ, ಫೋನಿನ ಆ ತುದಿಯವರು ತಿಂಗಳು ಎಣಿಸುತ್ತಾರೆ. ಎಣಿಕೆ ಸರಿಹೋದರೆ ಅದೇ ರಜೆಯಲ್ಲಿ ಎಲ್ಲಮ್ಮನ ಗುಡ್ಡಕ್ಕೂ ಹೋಗಿ ಬರಬಹುದು. ಗುಡ್ಡಕ್ಕೆ ಒಯ್ಯಲು ಮನೆಯಲ್ಲಿ ಆಗಲೇ ರೊಟ್ಟಿ ತಟ್ಟಲು ಶುರುಮಾಡಿರುತ್ತಾರೆ.